ಒಂದೇ ಅಚ್ಚಿನ ಸಾವಿರ ಮಂಡಲಗಳು

ಬಂಗಾರಪೇಟೆಯಿಂದ ಕವಲೊಡೆದು ಮಾರಿಕುಪ್ಪಮ್ಮಿಗೆ ಹೋಗುವ ರೈಲುಮಾರ್ಗವು ಕೋಲಾರದ ಚಿನ್ನದ ಗಣಿಗಳ ನಡುವೆ ಸಾಗುತ್ತದೆ. ೨೦೦೧ರಲ್ಲಿ ಮುಚ್ಚಿಹೋದ ಈ ಗಣಿಗಳು ಚಿನ್ನಕ್ಕೆ ಮಾತ್ರವಲ್ಲದೆ ಭೌತವಿಜ್ಞಾನಕ್ಕೂ ಹೆಸರಾದವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ೧೯೬೫ರಲ್ಲಿ ಇಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ದೊರೆಯಿತು. ಪ್ರೋಟಾನು ಎಂದಾದರೂ ಅಳಿಯುವುದುಂಟೆ ಎಂಬುದನ್ನು ಅರಿಯಲು ೧೯೮೦ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನ ವಿಜ್ಞಾನಿಗಳೂ ಕೂಡಿ, ಅನಿಲ ತುಂಬಿದ ಸುಮಾರು ೧,೬೦೦ ಎಣಿಕೆಯ ನಳಿಗೆಗಳನ್ನು ೩೪ ಪದರಗಳಲ್ಲಿ ಜೋಡಿಸಿದರು.

ಕಣವೊಂದು ಹಾದುಹೋದಾಗ ಯಾವ ಯಾವ ನಳಿಗೆಗಳು ಮಿಡಿದುವೆಂಬುದರಿಂದಲೇ ಅದರ ಹಾದಿಯನ್ನು ತಿಳಿಯಬೇಕು. ೪೭೩ನೆಯ ನಳಿಗೆಯ ತಂತಿಯು ೫೭೩ನೆಯದರ ಜಾಗಕ್ಕೆ ಸೇರಿದ್ದರೆ ಹಾದಿಯ ಚಿತ್ರವೇ ಕೆಟ್ಟಂತೆ. ಅಪರೂಪದ ಘಟನೆಗಾಗಿ ವರ್ಷಗಟ್ಟಲೆ ಕಾಯುವ ಪ್ರಯೋಗದಲ್ಲಿ, 'ಮತ್ತೊಮ್ಮೆ ನೋಡೋಣ' ಎನ್ನುವಂತಿಲ್ಲ.

ಇಂತಹ ಉಪಕರಣವನ್ನು ಇಂದು ಕಟ್ಟುವವರು ಎಣಿಕೆಯ ಮಂಡಲಗಳನ್ನು ಬಹುಮಟ್ಟಿಗೆ ಬೆಸುಗೆಯಿಂದಲ್ಲ, ಬರಹದಿಂದ ರಚಿಸುತ್ತಾರೆ. ೧೯೮೦ರ ದಶಕದಲ್ಲಿ ಹುಟ್ಟಿದ ವೆರಿಲಾಗ್ ಅಂತಹದೊಂದು ಭಾಷೆ. ಒಂದು ನಳಿಗೆಗೆ ಬೇಕಾದ ಮಂಡಲವನ್ನು ಒಮ್ಮೆ ವರ್ಣಿಸಿದರೆ ಅದೊಂದು ಘಟಕ. ಅನಂತರ ಅದರ ಪ್ರತಿಗಳನ್ನು ಹೆಸರಿಸಿ, ಪ್ರತಿಯೊಂದರ ತುದಿಗಳಿಗೂ ತಂತಿಗಳ ಹೆಸರನ್ನು ಕೊಡಬೇಕು. ಪ್ರತಿಯೊಂದಕ್ಕೆ ೧೦ ಸಾಲುಗಳೆಂದರೆ ೧,೬೦೦ಕ್ಕೆ ೧೬,೦೦೦ ಸಾಲುಗಳಾದುವು! ಒಂದನ್ನು ನಕಲು ಮಾಡಿ ಸಂಖ್ಯೆಯನ್ನು ತಿದ್ದುತ್ತ ಹೋಗುವವನ ಕಣ್ಣು ಎಲ್ಲಿಯಾದರೂ ಸೋಲದಿರದು.

ಈ ದುಡಿಮೆಯನ್ನು ಬರಹದ ಎಡಿಟರಿಗೇ ವಹಿಸಬಹುದು. ವಿಮ್ ಎಂಬ ಎಡಿಟರು ನಾವು ಒತ್ತಿದ ಕೀಲಿಗಳ ಕ್ರಮವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ; ನಕಲು ಮಾಡಿ ಸಂಖ್ಯೆಗೆ ಒಂದನ್ನು ಕೂಡಿಸುವ ಕೆಲಸವನ್ನು ಬೇಕಾದಷ್ಟು ಸಲ ಮಾಡುತ್ತದೆ. ಈಮ್ಯಾಕ್ಸ್ ಎಡಿಟರಿನ ವೆರಿಲಾಗ್ ಏರ್ಪಾಡು ಇನ್ನೂ ಜಾಣ. ಅದು ಘಟಕದ ಮೂಲ ವರ್ಣನೆಯನ್ನು ಓದಿ ತುದಿಗಳ ಪಟ್ಟಿಯನ್ನು ತಾನೇ ಬರೆಯುತ್ತದೆ. ಮಾದರಿಯೊಂದನ್ನು ಕೊಟ್ಟು ಸಂಖ್ಯೆಯ ಜಾಗದಲ್ಲಿ ಗುರುತನ್ನಿಟ್ಟರೆ, ಪ್ರತಿಯ ಹೆಸರಿನಲ್ಲಿರುವ ಸಂಖ್ಯೆಯನ್ನು ಅಲ್ಲಿ ತುಂಬುತ್ತದೆ. ಘಟಕಕ್ಕೆ ನಾಳೆ ಹೊಸ ತುದಿಯೊಂದು ಸೇರಿದರೂ ಒಂದೇ ಆಜ್ಞೆಯಿಂದ ಕಡತದ ಪ್ರತಿಗಳೆಲ್ಲ ತಿದ್ದಲ್ಪಡುತ್ತವೆ.

ಪ್ರತಿಗಳೆಲ್ಲ ಕ್ರಮಬದ್ಧವಾಗಿದ್ದರೆ ಇಷ್ಟೂ ಬೇಡ. ವೆರಿಲಾಗಿನ ೨೦೦೧ರ ನಿಯಮಾವಳಿಯಲ್ಲಿ ಬಂದ 'ಜನರೇಟ್' ಎಂಬ ಆವರ್ತನೆಯೇ ಸಾಕು. ತಂತಿಗಳ ಹೆಸರು ಕ್ರಮ ತಪ್ಪಿದಲ್ಲಿಯೇ ಎಡಿಟರಿನ ಬೆಲೆ ತಿಳಿಯುವುದು.

ಆದರೆ ಯಂತ್ರವು ಸರಿಯನ್ನು ಬರೆಯುವಷ್ಟೇ ಶ್ರದ್ಧೆಯಿಂದ ತಪ್ಪನ್ನೂ ೧,೬೦೦ ಸಲ ಬರೆಯುತ್ತದೆ. ಇದರ ಮೇಲೆ ವೆರಿಲಾಗಿನಲ್ಲೇ ಒಂದು ತೊಡಕುಂಟು: ತಂತಿಯ ಹೆಸರಿನಲ್ಲಿ ಅಕ್ಷರವೊಂದು ತಪ್ಪಿದರೆ, ಆಕ್ಷೇಪಿಸುವುದರ ಬದಲು ಆ ತಪ್ಪು ಹೆಸರಿನ ಹೊಸ ತಂತಿಯನ್ನೇ ಅದು ಕಲ್ಪಿಸಿಕೊಳ್ಳಬಹುದು. ಕಡತದ ಮೊದಲಲ್ಲೇ ಇದನ್ನು ನಿಷೇಧಿಸುವುದು ಲೇಸು. ಬಳಿಕ ಒಂದೊಂದು ನಳಿಗೆಯ ಕಡೆಯಿಂದಲೂ ಕೃತಕ ಮಿಡಿತವನ್ನು ಕಳುಹಿಸಿ, ಅದೇ ಸಂಖ್ಯೆಯು ಹೊರಬರುವುದೇ ಎಂದು ನೋಡಬೇಕು. ಈ ಪರೀಕ್ಷೆಯನ್ನೂ ಯಂತ್ರವೇ ಮಾಡಬಲ್ಲುದು. ಆದರೆ ಪರೀಕ್ಷೆಯ ಸಂಖ್ಯೆಗಳನ್ನು ನಳಿಗೆಗಳ ಜೋಡಣೆಯ ನಕ್ಷೆಯಿಂದ ತೆಗೆದುಕೊಳ್ಳಬೇಕು. ಎಡಿಟರಿಗೆ ಕೊಟ್ಟ ಮಾದರಿಯಿಂದಲ್ಲ. ಇಲ್ಲವಾದರೆ ತಪ್ಪು ತನಗೆ ತಾನೇ ಸಾಕ್ಷಿ ಹೇಳಿದಂತಾದೀತು.