ಹೊಲಿಗೆ ಕಲಿಸುವ ಹಿತ್ತಿಲು

ಬಿ.ಸಿ.ರೋಡಿನಿಂದ ಗುರುವಾಯನಕೆರೆ, ಅಲ್ಲಿಂದ ವೇಣೂರು ದಾಟಿ ಮೂಡುಬಿದಿರೆಯವರೆಗೆ ಮನೆ ಎಂದರೆ ಹೆಚ್ಚುಕಡಿಮೆ ಒಂದೇ ಚಿತ್ರ: ಅಂಗಳದಾಚೆ ಅಡಿಕೆ ತೋಟ, ಬಾವಿಕಟ್ಟೆಯ ಪಕ್ಕ ಬಸಳೆ ಚಪ್ಪರ, ಅಡುಗೆಮನೆಯ ಹಿಂದೆ ಕರಿಬೇವು, ಬೇಲಿಗೆ ದಾಸವಾಳ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ, ಚಪ್ಪರದಲ್ಲಿ ಪಿಕಳಾರ ಗೂಡು ಕಟ್ಟುತ್ತದೆ, ಬಾಳೆಯ ಬುಡದಲ್ಲಿ ಕಪ್ಪೆ ಕೂತಿರುತ್ತದೆ. ಆದರೆ ಇದೇ ಮನೆಗಳ ದಿಂಬಿನ ಚೀಲ, ಟೇಬಲ್ ಬಟ್ಟೆ, ಹೊದಿಕೆಗಳ ಮೇಲೆ ಕಾಣುವುದು ಟ್ರೇಸಿಂಗ್ ಹಾಳೆಯ ಗುಲಾಬಿ, ಟ್ಯುಲಿಪ್, ಮುಖಾಮುಖಿಯಾದ ಎರಡು ಹಂಸ. ಗುಲಾಬಿಯ ಮೇಲೆ ನನಗೆ ಸಿಟ್ಟಿಲ್ಲ. ಸೂಜಿ ಹಿಡಿದವರು ಹಿತ್ತಿಲಿನ ಜೀವಿಗಳನ್ನು ನೋಡಬೇಕು ಎನ್ನುವುದಕ್ಕೆ ನನ್ನ ಕಾರಣ ಅವುಗಳ ಅಂದವೊಂದೇ ಅಲ್ಲ. ನೋಡುವುದರಿಂದ ಹೊಲಿಗೆಯೇ ಬದಲಾಗುತ್ತದೆ: ಯಾವ ಹೊಲಿಗೆ, ಎಲ್ಲಿ, ಎಷ್ಟು ಬಿಗಿ, ಯಾವ ಬಣ್ಣದ ಮೇಲೆ ಯಾವ ಬಣ್ಣ ಎಂಬ ಪ್ರಶ್ನೆಗಳಿಗೆ ಹಾಳೆಯಲ್ಲಿ ಸಿಗದ ಉತ್ತರ ಅಲ್ಲಿದೆ.

ಮೊದಲ ಸಾಕ್ಷಿ, ಹಿತ್ತಿಲಿನಲ್ಲೇ ಹೊಲಿಯುವವರಿದ್ದಾರೆ ಎಂಬುದು. ಸಿಂಪಿಗ ಹಕ್ಕಿ, ಕೆಲವರು ಟುವ್ವಿ ಎನ್ನುವ ಅಂಗೈಗಿಂತ ಚಿಕ್ಕ ಹಕ್ಕಿ, ಅಗಲ ಎಲೆಯ ಎರಡು ಅಂಚುಗಳನ್ನು ಹತ್ತಿರ ಎಳೆದು, ಕೊಕ್ಕಿನಿಂದ ತೂತು ಕೊರೆದು, ಜೇಡರ ನೂಲನ್ನೋ ಗಿಡದ ನಾರನ್ನೋ ಅದರಲ್ಲಿ ತೂರಿಸುತ್ತದೆ. ತೂರಿದ ನಾರಿನ ತುದಿ ಹೊರಗೆ ಬಿಚ್ಚಿಕೊಂಡು ಉಬ್ಬಿ ನಿಲ್ಲುವುದರಿಂದ ಗಂಟಿಲ್ಲದೆಯೂ ಹೊಲಿಗೆ ಜಾರುವುದಿಲ್ಲ. ತೂತುಗಳು ಸಣ್ಣವಾದ್ದರಿಂದ ಎಲೆ ಬಾಡದೆ ಹಸುರಾಗಿಯೇ ಇದ್ದು, ಒಳಗಿನ ಹತ್ತಿಯ ಗೂಡನ್ನು ಮರೆಮಾಡುತ್ತದೆ. ತುಂಡುಬಟ್ಟೆಯನ್ನು ಇನ್ನೊಂದು ಬಟ್ಟೆಯ ಮೇಲೆ ಕೂರಿಸಿ ಹೊಲಿಯುವವರಿಗೆ ಇದಕ್ಕಿಂತ ನೇರ ಪಾಠ ಬೇಕಿಲ್ಲ: ದಪ್ಪ ಸೂಜಿ, ಒತ್ತೊತ್ತಾದ ಹೊಲಿಗೆ ಬಟ್ಟೆಯನ್ನು ಹರಿಯುತ್ತವೆ, ಸಣ್ಣ ತೂತು, ದೂರ ದೂರದ ಹಿಡಿತ ಅದನ್ನು ಉಳಿಸುತ್ತವೆ. ಮಾವು, ಹಲಸಿನ ಎಲೆ ಜೋಡಿಸಿ ಗೂಡು ಕಟ್ಟುವ ಚಿಗಳಿ ಇರುವೆಗಳದು ಇನ್ನೊಂದು ಕ್ರಮ. ಕೆಲವು ಇರುವೆಗಳು ಸಾಲಾಗಿ ನಿಂತು ಎಲೆಯ ಅಂಚುಗಳನ್ನು ಎಳೆದು ಹಿಡಿದರೆ, ಉಳಿದವು ರೇಷ್ಮೆ ಒಸರುವ ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು ಅತ್ತಿಂದಿತ್ತ ಓಡಾಡಿಸಿ ಅಂಟಿಸುತ್ತವೆ. ಮೊದಲು ಹಿಡಿತ, ಆಮೇಲೆ ನೂಲು. ಟಾಕು ಹಾಕದೆ ನೇರ ಹೊಲಿಯಲು ಹೊರಟು ಬಟ್ಟೆ ಸುಕ್ಕುಗಟ್ಟಿಸಿಕೊಂಡ ಯಾರಿಗಾದರೂ ಈ ಕ್ರಮದ ಬೆಲೆ ಗೊತ್ತು. ಮಳೆಗಾಲ ಮುಗಿಯುತ್ತಿದ್ದಂತೆ ಗಿಡಗಳ ನಡುವೆ ಬಲೆ ಹೆಣೆಯುವ ಸಿಗ್ನೇಚರ್ ಜೇಡ ಬಲೆಯ ನಡುವೆ ಬಿಳಿ ನೂಲಿನ ಅಂಕುಡೊಂಕು ಪಟ್ಟಿಗಳನ್ನು ಅಡ್ಡಡ್ಡ ಇಟ್ಟಿರುತ್ತದೆ. ಸರಪಳಿ ಹೊಲಿಗೆ ಬಲ್ಲವರು ಅದನ್ನು ನೋಡಿಯೇ ಹಾಕಬಹುದು.

ಎರಡನೆಯ ಸಾಕ್ಷಿ ಕರಿಬೇವಿನ ಗಿಡದಲ್ಲಿದೆ. ಅದರ ಎಲೆ ತಿನ್ನುವ ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು ಎಳೆಯದರಲ್ಲಿ ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿ ಮಚ್ಚೆಯದು. ಬೆಳೆದಂತೆ ಎಲೆಯದೇ ಹಸುರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಅಂಗವೊಂದನ್ನು ಹೊರಚಾಚಿ ವಾಸನೆ ಬಿಡುತ್ತದೆ. ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ರೂಪಗಳು, ಈಶ್ವರಿ ಬಳ್ಳಿ ತಿಂದು ಬೆಳೆದು ಹಕ್ಕಿಗಳಿಗೆ ರುಚಿಸದ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ವೇಷವನ್ನೇ ತೊಟ್ಟಿರುತ್ತವೆ: ಕಪ್ಪು ರೆಕ್ಕೆ, ಬಿಳಿ ಗುರುತು, ಕೆಂಪು ಚುಕ್ಕಿ. ರೆಕ್ಕೆಯಲ್ಲಿ ಅವುಗಳನ್ನು ಬೇರ್ಪಡಿಸುವುದು ಕಷ್ಟ. ದೇಹ ನೋಡಿದರೆ ಗುಟ್ಟು ಬಯಲಾಗುತ್ತದೆ; ನಿಜವಾದ ರೋಸ್‌ನ ಮೈಯಲ್ಲಿ ಕೆಂಪು ಇದೆ, ವೇಷಧಾರಿಯ ಮೈ ಕಪ್ಪು. ಹೊಲಿಯುವವರ ಲೆಕ್ಕದಲ್ಲಿ ಅದು ಒಂದೆಳೆ ಕೆಂಪು ನೂಲಿನ ವ್ಯತ್ಯಾಸ. ಆ ಒಂದೆಳೆಯನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂದು ತಿಳಿದ ಕಸೂತಿಯಲ್ಲಿ ಚಿಟ್ಟೆ ಎಂಬ ಸಾಮಾನ್ಯ ಆಕಾರ ಹೋಗಿ ಒಂದು ನಿರ್ದಿಷ್ಟ ಜೀವಿ ಬಂದು ಕೂರುತ್ತದೆ. ಮೂಡುಬಿದಿರೆಯ ಪಕ್ಕದ ಬೆಳುವಾಯಿಯಲ್ಲಿ 2013ರಲ್ಲಿ ತೆರೆದ ಸಮ್ಮಿಲನ್ ಶೆಟ್ಟಿ ಚಿಟ್ಟೆ ಉದ್ಯಾನದಲ್ಲಿ ಬಲೆಯಿಲ್ಲ, ಪಂಜರವಿಲ್ಲ. ಮರಿಹುಳು ತಿನ್ನುವ ಗಿಡ, ಚಿಟ್ಟೆ ಹೀರುವ ಹೂವು ಬೆಳೆಸಿದ್ದಾರೆ. ಚಿಟ್ಟೆಗಳು ತಾವಾಗಿ ಬರುತ್ತವೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ ಕೂಡ ಈ ಸೀಮೆಯದೇ. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲವಾದ್ದರಿಂದ ದಿಂಬಿನ ಮೇಲೆ ಅದನ್ನು ಇದ್ದ ಅಳತೆಯಲ್ಲೇ ಹೊಲಿಯಬಹುದು.

ಕೌದಿಯ ಮಾತಿಗೆ ಬಂದರೆ ಅಡಿಕೆ ಮರದ ಹಾರುವ ಓತಿಯನ್ನು ಬಿಟ್ಟು ನಾನು ಬೇರೆ ಗುರುವನ್ನು ಹುಡುಕುವುದಿಲ್ಲ. ಕಾಂಡಕ್ಕೆ ಅಂಟಿ ಕೂತಾಗ ಅದು ತೊಗಟೆಯೇ: ಬೂದು, ಕಂದು, ಪಾಚಿಯ ಕಲೆ. ಗಂಡು ಗಂಟಲ ಕೆಳಗಿನ ಹಳದಿ ಪಟ್ಟಿಯನ್ನು ಬಿಚ್ಚಿ ಮಡಚಿದಾಗ ಮಾತ್ರ ಇರುವು ತಿಳಿಯುತ್ತದೆ. ಮರದಿಂದ ಮರಕ್ಕೆ ತೇಲಿದಾಗ ಪಕ್ಕೆಲುಬುಗಳು ಹಿಡಿದುನಿಂತ ತೊಗಲ ರೆಕ್ಕೆಯ ಬಣ್ಣ ಹೊಳೆಯುತ್ತದೆ. ಇದನ್ನು ಓತಿಯ ಚಿತ್ರ ಬಿಡಿಸದೆಯೇ ಕೌದಿಯಾಗಿ ಹೊಲಿಯಬಹುದು. ಮೇಲ್ಪದರಕ್ಕೆ ಮಾಸಿದ ಲುಂಗಿ, ಬೈರಾಸು, ಹಳೆ ಪಂಚೆಯ ತುಂಡುಗಳು, ಒಳಪದರಕ್ಕೆ ಒಂದೇ ಒಂದು ಹಳದಿ ಸೀರೆ, ಅಂಚಿನಲ್ಲಿ ಅದು ಬೆರಳಗಲ ಇಣುಕುವಂತೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಕೌದಿಯಲ್ಲಿ ಪ್ರಾಣಿಚಿತ್ರ ಮುಖ್ಯವಲ್ಲ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಫುಲ ಇಡುತ್ತಾರೆ. ಬಣ್ಣದ ಪಕ್ಕ ಬಣ್ಣ ಇಡುವ ಅವರ ಧೈರ್ಯದಿಂದ ಕಲಿಯಬೇಕಾದ್ದು ಇದೇ: ಪ್ರಕೃತಿಯಿಂದ ಆಕಾರವನ್ನೇ ತರಬೇಕೆಂದಿಲ್ಲ, ಬಣ್ಣದ ಅಳತೆ ತಂದರೂ ಸಾಕು.

ಇದಕ್ಕೆ ಎದುರು ಮಾತುಗಳಿವೆ, ಹಗುರವಾದವೂ ಅಲ್ಲ. ಕಸೂತಿ ಧಾರವಾಡ ಸೀಮೆಯದು, ಕೌದಿ ಬಯಲುಸೀಮೆಯದು, ತುಳುನಾಡಿನ ಸೆಕೆಗೆ ಇವೆರಡೂ ಹೊರಗಿನವು; ಇಲ್ಲಿನ ಜೀವಿಗಳನ್ನು ಅವುಗಳಲ್ಲಿ ತುರುಕುವುದೇಕೆ ಎನ್ನಬಹುದು. ಆದರೆ ಧಾರವಾಡದ ಕಸೂತಿಯೇ ಈ ಮಾತಿಗೆ ಉತ್ತರ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆಯಲ್ಲಿ, ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಆ ಹೆಣ್ಣುಮಕ್ಕಳು ತಮ್ಮ ಕಣ್ಣೆದುರಿನ ತುಳಸಿಕಟ್ಟೆ, ಗೋಪುರ, ನವಿಲು, ಗಿಳಿಗಳನ್ನು ಇಳಕಲ್ ಸೀರೆಗೆ ತಂದರು. ಅವರಿಂದ ಹೊಲಿಗೆ ಕಲಿತು ಅವರ ನವಿಲನ್ನೇ ನಕಲು ಮಾಡಿದರೆ ಅವರ ಕ್ರಮವನ್ನು ಅರ್ಧ ಮಾತ್ರ ಕಲಿತಂತಾಯಿತು. ಎರವಲು ತರುವುದು ತಪ್ಪೆಂದೂ ನಾನು ಹೇಳುತ್ತಿಲ್ಲ. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಜಿರಾಫೆ, ಚೀನಾದ ಡ್ರ್ಯಾಗನ್ ಕೆತ್ತನೆಗಳಿವೆ. ಕಡಲ ವ್ಯಾಪಾರದ ಜೊತೆ ಬಂದ ಸುದ್ದಿಯನ್ನು ಶಿಲ್ಪಿ ಕಲ್ಲಿಗೆ ತಂದ. 16ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ ಸ್ಕಾಟ್ಲೆಂಡಿನ ರಾಣಿ ಮೇರಿ, ಕೊನ್ರಾಡ್ ಗೆಸ್ನರ್‌ನ ಪ್ರಾಣಿಪುಸ್ತಕದ ಚಿತ್ರ ನೋಡಿ ಕಸೂತಿ ಹಾಕಿದಳು. ಪುಸ್ತಕದ ಬೆಕ್ಕಿನ ಪಕ್ಕ ಅಲ್ಲಿಲ್ಲದ ಇಲಿಯೊಂದನ್ನು ತಾನೇ ಸೇರಿಸಿದಳು. ಎರವಲಿಗೆ ಜೀವ ಬಂದದ್ದು ಆ ಇಲಿಯಿಂದ.

ಫೋಟೋ ತೆಗೆದು ಕಂಪ್ಯೂಟರ್ ಯಂತ್ರಕ್ಕೆ ಕೊಟ್ಟರೆ ಮುಗಿಯಿತಲ್ಲ ಎನ್ನುವವರಿಗೆ ಉತ್ತರ ಬೇಗ ಹೇಳಬಹುದು: ಫೋಟೋದಲ್ಲಿ ಎಲ್ಲವೂ ಇರುತ್ತದೆ, ಕಸೂತಿಗೆ ಬೇಕಾದ್ದು ಯಾವುದನ್ನು ಬಿಡಬೇಕೆಂಬ ತೀರ್ಮಾನ. ಸಮಯದ ಪ್ರಶ್ನೆ ಹೆಚ್ಚು ಗಂಭೀರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಬಿಡುವನ್ನು ಬೀಡಿ ತಿಂದಿದೆ. ಸಾವಿರಕ್ಕಿಷ್ಟು ಎಂಬ ಕೂಲಿಯ ಲೆಕ್ಕದಲ್ಲಿ ಜೇಡ ನೋಡುತ್ತ ನಿಲ್ಲಲು ಪುರುಸೊತ್ತೆಲ್ಲಿ? ಬೀಡಿಯ ಕೆಲಸ ಕಡಿಮೆಯಾದಾಗ ಅದೇ ಕೈಗಳು ಬೇರೆ ದುಡಿಮೆ ಹುಡುಕುತ್ತವೆ. ಎಲೆಯನ್ನು ಅಳತೆಗೆ ಕತ್ತರಿಸಿ, ಸುರುಳಿ ಸುತ್ತಿ, ಕಣ್ಣು ಹಾಯಿಸದೆ ನೂಲು ಕಟ್ಟುವ ಬೆರಳುಗಳಿಗೆ ಸೂಜಿ ಹೊಸದೇನಲ್ಲ. ಎಲ್ಲೂ ಸಿಗುವ ಗುಲಾಬಿಯನ್ನು ಯಂತ್ರ ಅವರಿಗಿಂತ ಅಗ್ಗಕ್ಕೆ ಹೊಲಿಯುತ್ತದೆ. ಆ ಸ್ಪರ್ಧೆಯಲ್ಲಿ ಅವರನ್ನು ನಿಲ್ಲಿಸುವುದು ಅನ್ಯಾಯ. ಕರಿಬೇವಿನ ಹುಳುವಿನಿಂದ ವೇಷಧಾರಿ ಚಿಟ್ಟೆಯವರೆಗೆ ನಾಲ್ಕು ಹಂತಗಳನ್ನು ನಾಲ್ಕು ಚೌಕದಲ್ಲಿ ಹೊಲಿದ ಹೊದಿಕೆಗೆ ಬೆಲೆ ಕೇಳಲು ಅವರಿಗೆ ಹಕ್ಕಿರುತ್ತದೆ.

ಉಜಿರೆಯಲ್ಲಿ 1982ರಿಂದ ನಡೆಯುತ್ತಿರುವ ರುಡ್‌ಸೆಟಿಯಂಥ ಸ್ವಉದ್ಯೋಗ ತರಬೇತಿ ಸಂಸ್ಥೆಗಳ, ಊರೂರಿನ ಹೊಲಿಗೆ ತರಗತಿಗಳ ಮುಂದೆ ಇಡಬೇಕಾದ ಬೇಡಿಕೆ ಸಣ್ಣದು. ವಿನ್ಯಾಸದ ಪಾಠ ಟ್ರೇಸಿಂಗ್ ಹಾಳೆಯಿಂದ ಶುರುವಾಗದಿರಲಿ. ಮೊದಲ ವಾರ ಪ್ರತಿ ಕಲಿಕೆದಾರಳೂ ತನ್ನ ಮನೆಯ ಒಂದು ಗಿಡ ಆರಿಸಲಿ, ಅದಕ್ಕೆ ಬರುವ ಒಂದು ಜೀವಿಯನ್ನು ಬೆಳಗ್ಗೆ-ಸಂಜೆ ನೋಡಿ, ಮೂರೇ ಬಣ್ಣದ ನೂಲು ಆರಿಸಿಕೊಂಡು ಬರಲಿ. ಆ ವಾರವಾದರೂ ಆ ಗಿಡಕ್ಕೆ ಯಾರೂ ಕೀಟನಾಶಕ ಹೊಡೆಯಬಾರದು.