ತಲೆ ಸುತ್ತಿದ್ದೆಲ್ಲಾ ಪಿತ್ತವಲ್ಲ

ಗುಮ್ಮಘಟ್ಟದ ಕಡೆ ಬಿಸಿಲು ಜೋರು. ಶೇಂಗಾ ಹೊಲದಲ್ಲಿ ಯಾರಿಗಾದರೂ ತಲೆ ಸುತ್ತಿದರೆ ನಾವು ಏನಂತೀವಿ? "ಪಿತ್ತ ಏರಿದೆ, ನಿಂಬೆಹಣ್ಣಿನ ಪಾನಕ ಕೊಡಿ" ಅಂತೀವಿ. ಬಿಸಿಲು, ಹಸಿವು, ರಕ್ತಹೀನತೆಯಿಂದ ತಲೆ ಸುತ್ತುವುದು ನಿಜ. ಆದರೆ ಕೆಲವು ಸಲ ಕಾರಣ ಮೆದುಳಿನಲ್ಲಿ ಇರುತ್ತದೆ. ಅದನ್ನು ತಿಳಿಯುವುದು ಹೇಗೆ?

ತಲೆ ಮೇಲೆ ಬಿಂದಿಗೆ ಹೊತ್ತು ನಡೆಯುವ ಹೆಂಗಸರನ್ನು ನೋಡಿ. ಕೈ ಬಿಟ್ಟರೂ ಬಿಂದಿಗೆ ಬೀಳುವುದಿಲ್ಲ. ಕಣ್ಣು ದಾರಿ ನೋಡುತ್ತದೆ. ಕಾಲು ನೆಲದ ಏರುತಗ್ಗು ತಿಳಿಸುತ್ತದೆ. ಕಿವಿಯೊಳಗೆ ದ್ರವ ತುಂಬಿದ ಮೂರು ಸಣ್ಣ ಕೊಳವೆಗಳಿವೆ. ತಲೆ ಯಾವ ಕಡೆ ತಿರುಗಿತು ಎಂದು ಅವು ಹೇಳುತ್ತವೆ. ಈ ಸುದ್ದಿಯೆಲ್ಲಾ ಮೆದುಳಿಗೆ ಹೋಗುತ್ತದೆ. ತಲೆಯ ಹಿಂಭಾಗದಲ್ಲಿ, ಕೆಳಗೆ, ಕಿರುಮೆದುಳು ಇದೆ. ಮೈ ವಾಲದಂತೆ ಕಾಯುವುದು ಅದರ ಮುಖ್ಯ ಕೆಲಸ.

ಕುಡಿದವರು ಯಾಕೆ ತೂರಾಡುತ್ತಾರೆ? ಹೆಂಡ ಕಿರುಮೆದುಳಿನ ಕೆಲಸ ಕೆಡಿಸುತ್ತದೆ, ಅದಕ್ಕೆ. ಭೈರವಾನಿತಿಪ್ಪ ಡ್ಯಾಮಿನ ಕಾಲುವೆ ಕಟ್ಟಿಕೊಂಡರೆ ಕೆಳಗಿನ ಹೊಲ ಒಣಗುತ್ತದೆ. ಹಾಗೆಯೇ ರಕ್ತನಾಳ ಕಟ್ಟಿಕೊಂಡರೆ ಕಿರುಮೆದುಳು ಸಾಯತೊಡಗುತ್ತದೆ. ಇದೂ ಲಕ್ವವೇ. ಕೈಕಾಲು ಬಿದ್ದುಹೋದರೆ ಮಾತ್ರ ಲಕ್ವ ಅಂತ ನಾವು ತಿಳಿದಿದ್ದೇವೆ. ಇದರಲ್ಲಿ ಕೈಕಾಲಿನ ಶಕ್ತಿ ಹಾಗೇ ಇರಬಹುದು. ಅದಕ್ಕೇ ಮನೆಯವರಿಗೆ ಗೊತ್ತಾಗುವುದಿಲ್ಲ.

ಮಲಗಿದಾಗ ಮಗ್ಗುಲು ಬದಲಿಸಿದರೆ ತಲೆ ಸುತ್ತಿ, ಒಂದು ನಿಮಿಷದೊಳಗೆ ನಿಂತರೆ ಅದು ಹೆಚ್ಚಾಗಿ ಕಿವಿಯ ತೊಂದರೆ. ಹೆದರಬೇಡಿ, ಡಾಕ್ಟರಿಗೆ ತೋರಿಸಿ.

ಆದರೆ ಒಮ್ಮೆಲೇ ತಲೆ ಸುತ್ತಿ, ಜೊತೆಗೆ ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ:

• ಆಸರೆ ಇಲ್ಲದೆ ನಿಲ್ಲಲು, ನಡೆಯಲು ಆಗದು
• ಮಾತು ತೊದಲುತ್ತದೆ
• ಒಂದು ವಸ್ತು ಎರಡಾಗಿ ಕಾಣುತ್ತದೆ
• ಬೆರಳಿನಿಂದ ಮೂಗು ಮುಟ್ಟಲು ಹೋದರೆ ಗುರಿ ತಪ್ಪುತ್ತದೆ
• ಹಿಂದೆಂದೂ ಬರದಂಥ ತಲೆನೋವು
• ಮುಖ ಸೊಟ್ಟಗಾಗುತ್ತದೆ, ಕೈಕಾಲು ಸೋಲುತ್ತದೆ

ಆಗ ಏನು ಮಾಡಬೇಕು?

108ಕ್ಕೆ ಫೋನ್ ಮಾಡಿ. ಆಂಧ್ರದಲ್ಲಿ ಈ ಸೇವೆ 2005ರಲ್ಲಿ ಶುರುವಾಯಿತು. ಗಡಿ ದಾಟಿ ಕರ್ನಾಟಕಕ್ಕೆ ಹೋದರೂ ಇದೇ ನಂಬರು. ತಲೆಯ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ಬೇಗ ಸೇರಿಸಿ. ಪಾನಕ, ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗಲು ಆಗದೆ ಶ್ವಾಸಕ್ಕೆ ಹೋಗಬಹುದು. ವಾಂತಿ ಆಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ.

ಇನ್ನೊಂದು ಮುಖ್ಯ ಕೆಲಸ ಇದೆ. ತಲೆ ಸುತ್ತು ಎಷ್ಟು ಗಂಟೆಗೆ ಶುರುವಾಯಿತು ಎಂದು ಚೀಟಿಯಲ್ಲಿ ಬರೆಯಿರಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡಬಹುದೋ ಬೇಡವೋ ಎಂದು ಡಾಕ್ಟರು ಆ ಸಮಯ ಮತ್ತು ಸ್ಕ್ಯಾನ್ ನೋಡಿ ಹೇಳುತ್ತಾರೆ. ದಿನಾ ನುಂಗುವ ಬಿ.ಪಿ., ಸಕ್ಕರೆ ಕಾಯಿಲೆ ಮಾತ್ರೆಗಳ ಹೆಸರನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ನೀವು ಕಲಿತ ನಾಲ್ಕು ಅಕ್ಷರ ಆ ಹೊತ್ತಿನಲ್ಲಿ ಒಂದು ಜೀವ ಉಳಿಸಬಹುದು.