ಅರ್ಧಜ್ಯೆಯ ಕಥೆ

ವಸಂತದ ವಿಷುವದಿನದಿಂದ ಸೂರ್ಯನು ದಕ್ಷಿಣಾಭಿಮುಖನಾಗುವವರೆಗೆ 94½ ದಿನಗಳೂ, ಅಲ್ಲಿಂದ ಶರತ್ಕಾಲದ ವಿಷುವದವರೆಗೆ 92½ ದಿನಗಳೂ ಹಿಡಿಯುವುವೆಂದು ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಜ್ಯೋತಿರ್ವಿದನಾದ ಹಿಪಾರ್ಕಸನು ಗಣಿಸಿದನು. ವೃತ್ತದಲ್ಲಿ ಸಮವೇಗದಿಂದ ಚಲಿಸುವನೆಂದು ಎಲ್ಲರೂ ನಂಬಿದ್ದ ಸೂರ್ಯನಿಗೆ, ಸಮನಾದ ಪಾದಗಳನ್ನು ದಾಟಲು ಅಸಮವಾದ ಕಾಲವೇಕೆ ಬೇಕು? ಭೂಮಿಯು ಆ ವೃತ್ತದ ಕೇಂದ್ರದಿಂದ ತುಸು ಸರಿದಿದೆಯೆಂಬುದು ಅವನು ಕಂಡುಕೊಂಡ ಸಮಾಧಾನ. ಎಷ್ಟು ಸರಿದಿದೆಯೆಂದು ನಿರ್ಣಯಿಸಲು, ವೃತ್ತದ ಒಂದು ಕಂಸವು ತಿಳಿದಿರುವಾಗ, ಬಿಲ್ಲಿಗೆ ಬಿಗಿದ ಹೆದೆಯಂತೆ ಅದರ ತುದಿಗಳೆರಡನ್ನೂ ಕೂಡಿಸುವ ಜ್ಯಾರೇಖೆಯ ಉದ್ದವನ್ನು ಅರಿಯುವ ಉಪಾಯ ಬೇಕಾಯಿತು. ತ್ರಿಜ್ಯದ 24ರಲ್ಲಿ ಒಂದು ಭಾಗವೆಂದು ಅವನಿಗೆ ಉತ್ತರ ದೊರೆಯಿತು. ತ್ರಿಕೋನಮಿತಿಯು ಮೊಳೆತದ್ದು ಇಂತಹ ಅಗತ್ಯದಿಂದ. ಅವನ ಜ್ಯಾಕೋಷ್ಟಕವು ನಷ್ಟವಾಗಿದೆ. ಕ್ರಿಸ್ತಶಕ 150ರ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿ ಟಾಲೆಮಿಯು ಅರ್ಧರ್ಧ ಅಂಶಕ್ಕೊಂದರಂತೆ ರಚಿಸಿದ ಕೋಷ್ಟಕವು ಉಳಿದುಬಂದಿದೆ.

ಆದರೆ ಗಣಕನಿಗೆ ನಿಜವಾಗಿ ಬೇಕಾದದ್ದು ಪೂರ್ಣಜ್ಯೆಯಲ್ಲ, ಅದರ ಅರ್ಧ. ತ್ರಿಜ್ಯವನ್ನು ಕರ್ಣವಾಗಿಯೂ ಅರ್ಧಜ್ಯೆಯನ್ನು ಭುಜವಾಗಿಯೂ ಇಟ್ಟರೆ ಲಂಬಕೋನ ತ್ರಿಭುಜವು ತಾನಾಗಿ ಸಿದ್ಧವಾಗುತ್ತದೆ. ಪೂರ್ಣಜ್ಯೆಯನ್ನು ಹಿಡಿದವನು ಪ್ರತಿಸಲವೂ ಕೋನವನ್ನು ಇಮ್ಮಡಿಸಿ, ಬಂದ ಫಲವನ್ನು ಅರ್ಧಿಸಬೇಕು. ಈ ಶ್ರಮವನ್ನು ಬುಡದಲ್ಲಿಯೇ ನೀಗಿದುದು ಭಾರತದ ಸಿದ್ಧಾಂತಕಾರರ ಹಿರಿಮೆಯೆಂದೇ ನನ್ನ ದೃಢವಾದ ಅಭಿಪ್ರಾಯ.

ಕ್ರಿಸ್ತಶಕ 499ರ ಕಾಲವನ್ನು ಸೂಚಿಸುವ 'ಆರ್ಯಭಟೀಯ'ದಲ್ಲಿ, ಅಕ್ಷರಗಳನ್ನೇ ಅಂಕಗಳನ್ನಾಗಿ ಬಳಸಿ, ಒಂದೇ ಪದ್ಯದೊಳಗೆ ಆರ್ಯಭಟನು 24 ಜ್ಯಾಂತರಗಳನ್ನು, ಎಂದರೆ ಒಂದರ ಮುಂದೊಂದು ಬರುವ ಅರ್ಧಜ್ಯೆಗಳ ನಡುವಣ ಅಂತರಗಳನ್ನು, ಅಡಗಿಸಿದ್ದಾನೆ. ಅಂಶದ 60ರಲ್ಲಿ ಒಂದು ಭಾಗವೇ ಕಲೆ; ಪರಿಧಿಯು 21,600 ಕಲೆಗಳಾದರೆ ತ್ರಿಜ್ಯವು ಸುಮಾರು 3438 ಕಲೆ. ವೃತ್ತಪಾದವನ್ನು 225 ಕಲೆಗಳ 24 ಖಂಡಗಳಾಗಿ ಸೀಳಿದರೆ ಮೊದಲ ಅಂತರವು 225, ಮುಂದಿನವು 224, 222, 219, 215, 210, 205, 199. ಈ ಎಂಟನ್ನೂ ಓದುಗರು ತಾವೇ ಕೂಡಿಸಿ ನೋಡಬೇಕು: ಮೊತ್ತವು 1719, ಅಂದರೆ 3438ರ ಸರಿಯಾದ ಅರ್ಧ, ಎಂಟು ಖಂಡಗಳೆಂದರೆ 30 ಅಂಶ, ಅಲ್ಲಿ ಅರ್ಧಜ್ಯೆಯು ತ್ರಿಜ್ಯದ ಅರ್ಧವೇ ಆಗಿರತಕ್ಕದ್ದು. ಅಂತರಗಳು ಮೊದಲು ಮೆಲ್ಲಮೆಲ್ಲನೆ, ಬಳಿಕ ಬೇಗಬೇಗನೆ ಕುಗ್ಗುತ್ತ ಕೊನೆಗೆ 22, 7 ಎಂದು ಮುಗಿಯುತ್ತವೆ. ಆ ಕುಗ್ಗುವಿಕೆಯಾದರೂ ಆಯಾ ಸ್ಥಾನದ ಅರ್ಧಜ್ಯೆಗೇ ಅನುಗುಣವಾಗಿರುವುದು ಎಷ್ಟು ಸೊಗಸಾದ ಸಂಬಂಧ!

ಅರ್ಧಜ್ಯೆಯು ಅರಬರ ದೇಶಗಳಿಗೆ ಹೋಯಿತು. ಹದಿಮೂರನೆಯ ಶತಮಾನದಲ್ಲಿ ಪರ್ಷಿಯದ ನಸೀರುದ್ದೀನ್ ತೂಸಿಯು ತ್ರಿಕೋನಮಿತಿಯನ್ನು ಜ್ಯೋತಿಷದಿಂದ ಬಿಡಿಸಿ ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿದನು. ಇತ್ತ ಹದಿನಾಲ್ಕನೆಯ ಶತಮಾನದ ಕೇರಳದಲ್ಲಿ ಸಂಗಮಗ್ರಾಮದ ಮಾಧವನು, ಕಂಸದಿಂದ ಜ್ಯೆಯನ್ನು ಪಡೆಯಲು ಕೊನೆಯಿಲ್ಲದ ಪದಗಳ ಶ್ರೇಢಿಯನ್ನೇ ಕಂಡುಹಿಡಿದನು. ಆರ್ಯಭಟನ ಆ 24 ಸ್ಥಾನಗಳನ್ನು ಕದಲಿಸದೆ ಅವನು ಹೊಸ ಕೋಷ್ಟಕವನ್ನು ರಚಿಸಿದನು. ಅದರಲ್ಲಿ ಹಿಂದೆ 3438 ಎಂದಿದ್ದ ಕಡೆಯ ಬೆಲೆಯು 3437 ಕಲೆ, 44 ವಿಕಲೆ, 48 ತತ್ಪರೆಯೆಂದು (ಕಲೆಯ 60ರಲ್ಲಿ ಒಂದು ಭಾಗ ವಿಕಲೆ, ವಿಕಲೆಯ 60ರಲ್ಲಿ ಒಂದು ಭಾಗ ತತ್ಪರೆ) ನಮೂದಾಗಿದೆ.